ಕೋಳಿ ಉಳಿಯಿತು, ವೈರಸ್ಸೂ ಉಳಿಯಿತು

2023-24ನೇ ಸಾಲಿನಲ್ಲಿ ಭಾರತದಲ್ಲಿ 14,277 ಕೋಟಿ ಮೊಟ್ಟೆಗಳು ಉತ್ಪಾದನೆಯಾದವೆಂದು ಕೇಂದ್ರ ಪಶುಸಂಗೋಪನಾ ಇಲಾಖೆಯ ಅಂಕಿಅಂಶಗಳು ಹೇಳುತ್ತವೆ. ಅದರಲ್ಲಿ ಕರ್ನಾಟಕದ ಪಾಲು ಶೇ 6ಕ್ಕಿಂತ ತುಸು ಹೆಚ್ಚು. ಈ ಮೊಟ್ಟೆಗಳಲ್ಲಿ ಬಹುಪಾಲನ್ನು ಇಡುವ ವಾಣಿಜ್ಯ ತಳಿಯ ಕೋಳಿಗಳು ಹ್ಯಾಚರಿಯಲ್ಲಿ, ಅಂದರೆ ಯಂತ್ರದ ಕಾವಿನಿಂದ ಮರಿ ಮಾಡಿಸುವ ಕೇಂದ್ರದಲ್ಲಿ, ಮೊಟ್ಟೆಯೊಡೆದು ಹೊರಬಂದ ದಿನವೇ, ಮೊದಲ ಗುಟುಕು ನೀರು ಕುಡಿಯುವುದಕ್ಕೂ ಮುನ್ನ, ಕತ್ತಿನ ಹಿಂಬದಿಯ ಚರ್ಮದಡಿಗೆ ಒಂದು ಚುಚ್ಚುಮದ್ದು ಹಾಕಿಸಿಕೊಂಡಿರುತ್ತವೆ. ಇದು ಮಾರೆಕ್ಸ್ ಎಂಬ ರೋಗದ ಲಸಿಕೆ. ಹರ್ಪಿಸ್ ಗುಂಪಿಗೆ ಸೇರಿದ ವೈರಸ್ಸೊಂದರಿಂದ ಬರುವ ಈ ರೋಗ ಕೋಳಿಯ ನರಗಳನ್ನು ಊದಿಸಿ ಕಾಲು ರೆಕ್ಕೆಗಳ ಸ್ವಾಧೀನ ತಪ್ಪಿಸುತ್ತದೆ, ಒಳಾಂಗಗಳಲ್ಲಿ ಕ್ಯಾನ್ಸರ್ ಗಡ್ಡೆಗಳನ್ನು ಬೆಳೆಸುತ್ತದೆ. 1970ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಇದರ ಲಸಿಕೆಯು ಯಾವುದೇ ಜೀವಿಯಲ್ಲಿ ಕ್ಯಾನ್ಸರ್ ತಡೆಯಲು ವ್ಯಾಪಕವಾಗಿ ಬಳಕೆಯಾದ ಮೊದಲ ಲಸಿಕೆ. ಮನುಷ್ಯರಿಗೆ ಅಂಥದೊಂದು ದೊರೆತದ್ದು ಅದಾದ ಸುಮಾರು ಹತ್ತು ವರ್ಷಗಳ ಮೇಲೆ, ಪಿತ್ತಜನಕಾಂಗದ ಕ್ಯಾನ್ಸರಿಗೂ ಕಾರಣವಾಗುವ ಹೆಪಟೈಟಿಸ್-ಬಿ ವಿರುದ್ಧ. ಮೊಟ್ಟೆ ಉದ್ಯಮವನ್ನು ದೊಡ್ಡ ನಷ್ಟದಿಂದ ಪಾರುಮಾಡಿದ ಈ ಲಸಿಕೆಯೇ ರೋಗವನ್ನು ತಡೆಯುವುದು ಬೇರೆ, ಸೋಂಕನ್ನು ತಡೆಯುವುದು ಬೇರೆ ಎಂಬುದನ್ನೂ ವಿಜ್ಞಾನಿಗಳಿಗೆ ಮನವರಿಕೆ ಮಾಡಿಕೊಟ್ಟಿತು. ಹಕ್ಕಿ ಜ್ವರಕ್ಕೆ ಕೋಳಿಗಳಿಗೆ ಲಸಿಕೆ ಹಾಕಬೇಕೇ ಬೇಡವೇ ಎಂಬ ಈಗಿನ ವಾದ-ವಿವಾದದಲ್ಲಿ ಮತ್ತೆ ಮತ್ತೆ ಎದ್ದುಬರುವ ಪ್ರಶ್ನೆಯೂ ಇದೇ.

ಬುಡಾಪೆಸ್ಟಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಯೋಜೆಫ್ ಮಾರೆಕ್ 1907ರಲ್ಲಿ, ಕಾಲು ಮತ್ತು ರೆಕ್ಕೆಗಳು ನಿಶ್ಚೇಷ್ಟಿತವಾಗಿದ್ದ ನಾಲ್ಕು ಹುಂಜಗಳನ್ನು ಪರೀಕ್ಷಿಸಿ, ಅವುಗಳ ನರಗಳೊಳಗೆ ಅಲ್ಲಿರಬೇಕಾಗಿಲ್ಲದ ಜೀವಕೋಶಗಳು ಹೊಕ್ಕು ನರಗಳು ದಪ್ಪಗಾಗಿರುವುದನ್ನು ವರದಿ ಮಾಡಿದರು. ಆಗ ಅದು ಹಿತ್ತಲ ಕೋಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣುವ, ನಿಧಾನವಾಗಿ ಕಾಡುವ ಕಾಯಿಲೆಯಾಗಿತ್ತು. ಎರಡನೇ ಮಹಾಯುದ್ಧದ ಬಳಿಕ ಯುರೋಪು ಮತ್ತು ಅಮೆರಿಕಗಳಲ್ಲಿ ಸಾವಿರಾರು ಕೋಳಿಗಳನ್ನು ಒಂದೇ ಸೂರಿನಡಿ ಸಾಕುವ ಪದ್ಧತಿ ಬೆಳೆದಂತೆ ಕಾಯಿಲೆಯ ಸ್ವರೂಪವೂ ಬದಲಾಯಿತು: ನರಗಳ ಊತಕ್ಕಿಂತ ಒಳಾಂಗಗಳ ಗಡ್ಡೆಗಳೇ ಹೆಚ್ಚು ಕಂಡುಬರತೊಡಗಿದವು, ಸಾವುಗಳ ಪ್ರಮಾಣ ಕೆಲವು ಹಿಂಡುಗಳಲ್ಲಿ ಶೇ 30ನ್ನು ಮುಟ್ಟಿತು. ರೋಗವು ಹೆಚ್ಚಾಗಿ ತಲೆಹಾಕುವುದು 12ರಿಂದ 24 ವಾರಗಳ ವಯಸ್ಸಿನಲ್ಲಿ. ಮೊಟ್ಟೆ ಕೋಳಿಯೊಂದು ಸುಮಾರು 18 ವಾರಗಳವರೆಗೆ ಒಂದು ಮೊಟ್ಟೆಯನ್ನೂ ಕೊಡದೆ ಆರು ಕಿಲೋದಷ್ಟು ಮೇವು ತಿಂದು ಬೆಳೆದಿರುತ್ತದೆ. ಆ ಖರ್ಚೆಲ್ಲ ವಸೂಲಾಗಬೇಕಾದ ಹೊತ್ತಿಗೇ ಕೋಳಿ ಕಾಲು ಬಿಡುವುದರಿಂದ ಸಾಕಣೆದಾರನ ಪಾಲಿಗೆ ಇದಕ್ಕಿಂತ ಕೆಟ್ಟ ಗಳಿಗೆಯಲ್ಲಿ ಬರುವ ರೋಗ ಇನ್ನೊಂದಿಲ್ಲ.

ನರಗಳಿಗೆ ಬಡಿದ ಮಾರೆಕ್ಸ್ ರೋಗವನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಕೋಳಿಯ ಒಂದು ಕಾಲು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಾಚಿಕೊಂಡಿರುತ್ತದೆ, ಒಂದು ಬದಿಯ ರೆಕ್ಕೆ ಜೋತುಬಿದ್ದಿರುತ್ತದೆ, ಕೆಲವು ಕೋಳಿಗಳಲ್ಲಿ ಕಣ್ಣಿನ ಬಣ್ಣದ ಪಟಲ ಬೂದಿಯಾಗಿ ಪಾಪೆಯ ಅಂಚು ಹರಕುಮುರುಕಾಗುತ್ತದೆ. ಸತ್ತ ಕೋಳಿಯನ್ನು ಕೊಯ್ದು ನೋಡುವ ಪಶುವೈದ್ಯರು ತೊಡೆಯ ಸ್ನಾಯುಗಳನ್ನು ಬಿಡಿಸಿ ಎರಡೂ ಕಾಲುಗಳ ದೊಡ್ಡ ನರಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಆರೋಗ್ಯವಂತ ನರವು ಬೆಳ್ಳಗೆ ಹೊಳೆಯುತ್ತಿದ್ದು ಅದರ ಮೇಲೆ ಸಣ್ಣ ಅಡ್ಡಗೆರೆಗಳು ಕಾಣುತ್ತವೆ, ರೋಗ ತಗುಲಿದ ನರವು ಆ ಗೆರೆಗಳನ್ನು ಕಳೆದುಕೊಂಡು ಹಳದಿ ಮಿಶ್ರಿತ ಬೂದು ಬಣ್ಣಕ್ಕೆ ತಿರುಗಿ ಎರಡು ಮೂರು ಪಟ್ಟು ದಪ್ಪಗಾಗಿರುತ್ತದೆ. ತೊಡಕಿದ್ದದ್ದು ಒಳಾಂಗಗಳ ಗಡ್ಡೆಗಳ ವಿಷಯದಲ್ಲಿ. ಪಿತ್ತಜನಕಾಂಗ, ಗುಲ್ಮ, ಅಂಡಾಶಯಗಳಲ್ಲಿ ಅಂಥವೇ ಗಡ್ಡೆಗಳನ್ನು ಎಬ್ಬಿಸುವ ಲ್ಯೂಕೋಸಿಸ್ ಎಂಬ ಬೇರೊಂದು ವೈರಸ್ ರೋಗವೂ ಕೋಳಿಗಳಲ್ಲಿದ್ದು, ಇವೆರಡನ್ನೂ ದಶಕಗಳ ಕಾಲ ಒಂದೇ ಕಾಯಿಲೆಯ ಎರಡು ಮುಖಗಳೆಂದು ಭಾವಿಸಲಾಗಿತ್ತು. ಇಂಗ್ಲೆಂಡಿನ ಹೌಟನ್ ಕೋಳಿ ಸಂಶೋಧನಾ ಕೇಂದ್ರದ ಪೀಟರ್ ಬಿಗ್ಸ್ ಇವು ಬೇರೆಬೇರೆ ಎಂದು ವಾದಿಸಿ, ನರಗಳನ್ನು ಕಾಡುವ ರೋಗಕ್ಕೆ ಮಾರೆಕ್ ಅವರ ಹೆಸರಿಡಬೇಕೆಂದು ಸೂಚಿಸಿದ್ದು 1960ರ ಸುಮಾರಿಗೆ.

ಹೆಸರು ಬೇರೆ ಮಾಡಿದ್ದರಿಂದ ಆದ ಉಪಕಾರ ಸಣ್ಣದಲ್ಲ, ಏಕೆಂದರೆ ಈ ಎರಡು ರೋಗಗಳ ಪ್ರಯಾಣದ ದಾರಿಗಳೇ ಬೇರೆ. ಲ್ಯೂಕೋಸಿಸ್ ವೈರಸ್ ತಾಯಿಕೋಳಿಯಿಂದ ಮೊಟ್ಟೆಯ ಮೂಲಕ ಮರಿಗೆ ದಾಟುತ್ತದೆ. ಆದ್ದರಿಂದ ಮೊಟ್ಟೆಯ ಬಿಳಿಭಾಗವನ್ನು ಪರೀಕ್ಷಿಸಿ ವೈರಸ್ಸಿನ ಅಂಶ ಕಂಡ ತಾಯಿಕೋಳಿಗಳನ್ನು ತಲೆಮಾರಿನಿಂದ ತಲೆಮಾರಿಗೆ ತೆಗೆದುಹಾಕುತ್ತ ಬಂದರೆ, ಮೂಲ ತಳಿಗಳನ್ನು ಶುದ್ಧವಾಗಿಸಬಹುದು, ದೊಡ್ಡ ತಳಿ ಅಭಿವೃದ್ಧಿ ಸಂಸ್ಥೆಗಳು ಹಾಗೆಯೇ ಮಾಡಿವೆ. ಮರಿಗಳಲ್ಲಿ ಬಿಳಿಭೇದಿ ತರುವ ಪುಲ್ಲೋರಂ ಎಂಬ ಸಾಲ್ಮೊನೆಲ್ಲಾ ರೋಗವನ್ನೂ ಹಲವು ದೇಶಗಳು ಇದೇ ಬಗೆಯಲ್ಲಿ, ಒಂದು ಹನಿ ರಕ್ತದ ಪರೀಕ್ಷೆಯಿಂದ ಸೋಂಕಿನ ತಾಯಿಕೋಳಿಗಳನ್ನು ಹುಡುಕಿ ತೆಗೆದು, ವಾಣಿಜ್ಯ ಹಿಂಡುಗಳಿಂದ ಬಹುಮಟ್ಟಿಗೆ ದೂರಮಾಡಿದವು. ಮಾರೆಕ್ಸ್ ವೈರಸ್ ಮೊಟ್ಟೆಯಲ್ಲಿ ದಾಟುವುದಿಲ್ಲ. ಎಷ್ಟೇ ಸೋಂಕಿತ ತಾಯಿಯ ಮರಿಯಾದರೂ ಹುಟ್ಟುವಾಗ ಶುದ್ಧವಾಗಿಯೇ ಹುಟ್ಟುತ್ತದೆ, ಸೋಂಕು ತಗುಲುವುದು ಶೆಡ್ಡಿನ ಗಾಳಿಯಿಂದ. ಹೀಗಾಗಿ ತಾಯಿಕೋಳಿಗಳನ್ನು ಆರಿಸಿ ತೆಗೆಯುವ ಉಪಾಯ ಇಲ್ಲಿ ನಡೆಯುವುದಿಲ್ಲ.

ಗಾಳಿಯಿಂದ ಹರಡುತ್ತದೆಂಬುದೇ ಆಗಿನ ಸಂಶೋಧಕರಿಗೆ ಬಿಡಿಸಲಾಗದ ಒಗಟಾಗಿತ್ತು. 1967ರಲ್ಲಿ ಹೌಟನ್ ಕೇಂದ್ರದ ಚರ್ಚಿಲ್ ಮತ್ತು ಬಿಗ್ಸ್, ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಈ ರೋಗದ ವೈರಸ್ಸನ್ನು ಗುರುತಿಸಿ ಅದು ಹರ್ಪಿಸ್ ಗುಂಪಿನದೆಂದು ತೋರಿಸಿದರು. ಆದರೆ ರೋಗಿ ಕೋಳಿಯ ರಕ್ತದಲ್ಲಾಗಲಿ ಗಡ್ಡೆಯಲ್ಲಾಗಲಿ ಇರುವ ವೈರಸ್, ತಾನು ಸೇರಿಕೊಂಡಿರುವ ಜೀವಕೋಶ ಜೀವಂತವಾಗಿದ್ದರೆ ಮಾತ್ರ ಸೋಂಕು ಹರಡುತ್ತಿತ್ತು, ಕೋಶವನ್ನು ಒಡೆದರೆ ಅದರ ಶಕ್ತಿಯೂ ಉಡುಗಿಹೋಗುತ್ತಿತ್ತು. ಇಷ್ಟು ಪರಾಧೀನವಾದ ವೈರಸ್ ಒಂದು ಕೋಳಿಯ ಮೈಯಿಂದ ಹೊರಬಿದ್ದು, ಗಾಳಿಯಲ್ಲಿ ಸಾಗಿ, ಇನ್ನೊಂದನ್ನು ಹಿಡಿಯುವುದಾದರೂ ಹೇಗೆ? ಉತ್ತರ ಸಿಕ್ಕಿದ್ದು 1970ರಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬ್ರೂಸ್ ಕ್ಯಾಲ್ನೆಕ್ ಮತ್ತು ಸಂಗಡಿಗರು ಗರಿಯ ಬುಡವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ. ಪ್ರತಿ ಗರಿಯೂ ಚರ್ಮದ ಒಂದು ಸಣ್ಣ ಕುಳಿಯಿಂದ ಹುಟ್ಟುತ್ತದೆ. ಕೋಳಿಯ ಮೈಯಲ್ಲಿ ಆ ಕುಳಿಯ ಒಳಪದರದಲ್ಲಿ ಮಾತ್ರ ವೈರಸ್ ಹೊರಕವಚ ತೊಟ್ಟು ಪೂರ್ಣ ರೂಪಕ್ಕೆ ಬಂದು ಕೋಶದ ಹಂಗಿಲ್ಲದೆ ಬದುಕಬಲ್ಲ ಶಕ್ತಿ ಪಡೆಯುತ್ತದೆ, ಅಲ್ಲಿಂದ ಉದುರುವ ಚರ್ಮದ ಹೊಟ್ಟಿನೊಡನೆ ದೂಳಾಗಿ ಹಾರುತ್ತದೆ. ಸೋಂಕು ತಗುಲಿದ ಎರಡು ಮೂರು ವಾರಗಳಲ್ಲಿ ಶುರುವಾಗುವ ಈ ಉದುರುವಿಕೆ ಕೋಳಿ ಬದುಕಿರುವಷ್ಟು ಕಾಲವೂ ನಿಲ್ಲುವುದಿಲ್ಲ. ಆ ದೂಳಿನಲ್ಲಿ ವೈರಸ್ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಶೆಡ್ಡಿನ ಜಾಲರಿ, ಮೇವಿನ ತೊಟ್ಟಿ, ಫ್ಯಾನಿನ ರೆಕ್ಕೆಗಳ ಮೇಲೆ ಕೂತಿರುವ ಬೂದುಬಣ್ಣದ ಪುಡಿಯನ್ನು ಕೆಲಸಗಾರರು ಮೇವಿನ ದೂಳೆಂದೇ ತಿಳಿಯುತ್ತಾರೆ. ಅದರಲ್ಲಿ ಕೋಳಿಯ ಮೈಯ ಹೊಟ್ಟೂ ಸೇರಿರುತ್ತದೆ.

ಉಸಿರಿನೊಡನೆ ಒಳಹೋದ ವೈರಸ್ ಶ್ವಾಸಕೋಶದಿಂದ ರೋಗನಿರೋಧಕ ಅಂಗಗಳನ್ನು ಸೇರಿ ಮೊದಲ ವಾರದಲ್ಲೇ ಅಲ್ಲಿನ ಬಿಳಿರಕ್ತಕಣಗಳನ್ನು ನಾಶಮಾಡುತ್ತದೆ, ಆಮೇಲೆ ಟಿ-ಕೋಶಗಳೆಂಬ ಇನ್ನೊಂದು ಬಗೆಯ ಬಿಳಿರಕ್ತಕಣಗಳಲ್ಲಿ ಅವಿತು ಕೂರುತ್ತದೆ. ಗಡ್ಡೆಯಾಗಿ ಬೆಳೆಯುವುದು ಈ ಟಿ-ಕೋಶಗಳೇ. ಗಡ್ಡೆ ಬರುವುದಕ್ಕೆ ಬಹಳ ಮುಂಚೆಯೇ ಕೋಳಿಯ ಒಟ್ಟಾರೆ ರೋಗನಿರೋಧಕ ಶಕ್ತಿ ಕುಗ್ಗಿರುವುದರಿಂದ, ಬೇರೆ ರೋಗಗಳಿಗೆ ಹಾಕಿದ ಲಸಿಕೆಗಳೂ ಸರಿಯಾಗಿ ಹಿಡಿಯುವುದಿಲ್ಲ. ಹಿಂಡಿನಲ್ಲಿ ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ, ಲಸಿಕೆ ವಿಫಲವಾಯಿತೆಂದು ದೂರುವ ಮುನ್ನ ಮಾರೆಕ್ಸ್ ಮತ್ತು ಅದರಂತೆಯೇ ರೋಗನಿರೋಧಕ ಶಕ್ತಿ ಕುಗ್ಗಿಸುವ ಗುಂಬೋರೋ ರೋಗಗಳನ್ನು ಶಂಕಿಸಬೇಕೆಂದು ಪಶುವೈದ್ಯರು ಹೇಳುವುದು ಇದೇ ಕಾರಣಕ್ಕೆ.

ಲಸಿಕೆಯ ಕಥೆ ವೇಗವಾಗಿ ಸಾಗಿತು. 1969ರಲ್ಲಿ ಹೌಟನ್ ತಂಡವು ರೋಗದ ವೈರಸ್ಸನ್ನೇ ಪ್ರಯೋಗಾಲಯದ ಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಅದರ ಉಗ್ರತೆಯನ್ನು ಕಳೆದು ಮೊದಲ ಲಸಿಕೆ ಮಾಡಿತು. ಮರುವರ್ಷವೇ ಅಮೆರಿಕದ ಮಿಷಿಗನ್ ರಾಜ್ಯದ ಈಸ್ಟ್ ಲ್ಯಾನ್ಸಿಂಗ್ ಪ್ರಯೋಗಾಲಯದ ವಿಜ್ಞಾನಿಗಳು, ಟರ್ಕಿ ಕೋಳಿಗಳಲ್ಲಿ ಸಹಜವಾಗಿರುವ, ಯಾವ ರೋಗವನ್ನೂ ತಾರದ ಸೋದರ ವೈರಸ್ಸೊಂದು ಕೋಳಿಯನ್ನು ಮಾರೆಕ್ಸ್‌ನಿಂದ ಕಾಪಾಡುತ್ತದೆಂದು ತೋರಿಸಿದರು; ಎಚ್‌ವಿಟಿ ಎಂದು ಕರೆಯಲಾಗುವ ಈ ಟರ್ಕಿ ವೈರಸ್ ಸುಲಭವಾಗಿ ಬೆಳೆಯುವುದರಿಂದ ಜಗತ್ತಿನಾದ್ಯಂತ ಹಬ್ಬಿತು. 1972ರಲ್ಲಿ ನೆದರ್‌ಲ್ಯಾಂಡ್ಸಿನ ರಿಸ್ಪೆನ್ಸ್ ಮತ್ತು ಸಂಗಡಿಗರು ಕೋಳಿಗಳಲ್ಲೇ ಸಿಕ್ಕಿದ ಸೌಮ್ಯ ಸ್ವಭಾವದ ಮಾರೆಕ್ಸ್ ವೈರಸ್ಸಿನಿಂದ ತಯಾರಿಸಿದ ಲಸಿಕೆಯು ಇಂದಿಗೂ ಎಲ್ಲಕ್ಕಿಂತ ಬಲವಾದದ್ದೆಂಬ ಮನ್ನಣೆ ಉಳಿಸಿಕೊಂಡಿದ್ದು, ದೀರ್ಘಕಾಲ ಬದುಕಬೇಕಾದ ಮೊಟ್ಟೆ ಕೋಳಿಗಳಿಗೆ ಅದನ್ನೇ ಹೆಚ್ಚಾಗಿ ಬಳಸುತ್ತಾರೆ. ಈ ಲಸಿಕೆಯಲ್ಲಿಯೂ ವೈರಸ್ ಜೀವಂತ ಕೋಶದೊಳಗೇ ಇರಬೇಕಾದ್ದರಿಂದ ಅದನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಇಡಲಾಗುತ್ತದೆ. ಗಾಜಿನ ಕೊಳವೆಯನ್ನು ಹೊರತೆಗೆದು ಉಗುರುಬೆಚ್ಚಗಿನ ನೀರಿನಲ್ಲಿ ಬೇಗನೆ ಕರಗಿಸಿ, ದ್ರಾವಣದಲ್ಲಿ ಬೆರೆಸಿ, ಒಂದೆರಡು ತಾಸಿನೊಳಗೆ ಮುಗಿಸಬೇಕು. ಕೊಳವೆ ತೆಗೆಯುವ ಕೈ ತಡವಾದರೆ, ಡಬ್ಬದಲ್ಲಿ ಸಾರಜನಕದ ಮಟ್ಟ ಇಳಿದರೆ, ಮಿತವ್ಯಯದ ಹೆಸರಿನಲ್ಲಿ ಲಸಿಕೆಯನ್ನು ಹೆಚ್ಚು ತೆಳುವಾಗಿ ಕಲಸಿದರೆ, ಮರಿಗೆ ಸೂಜಿ ಚುಚ್ಚಿದಂತಾಗುತ್ತದೆಯೇ ಹೊರತು ರಕ್ಷಣೆ ಸಿಗುವುದಿಲ್ಲ. ಲಸಿಕೆ ವಿಫಲವಾಯಿತೆನ್ನುವ ಪ್ರಕರಣಗಳಲ್ಲಿ ವೈರಸ್ಸಿಗಿಂತ ಹ್ಯಾಚರಿಯ ಕೋಣೆಯೊಳಗಿನ ಈ ಕೆಲಸವನ್ನು ಮೊದಲು ವಿಚಾರಿಸುವುದು ಲೇಸು.

ಲಸಿಕೆ ಹಾಕಿದ ಕೋಳಿಗೂ ಸೋಂಕು ತಗುಲುತ್ತದೆ ಎಂಬುದು ಮಾತ್ರ ಮೊದಲಿನಿಂದಲೂ ಗೊತ್ತಿದ್ದ ಸಂಗತಿ. ಲಸಿಕೆಯು ಗಡ್ಡೆಯನ್ನು ತಡೆಯುತ್ತದೆ, ಸಾವನ್ನು ತಡೆಯುತ್ತದೆ, ಆದರೆ ಹೊರಗಿನ ಉಗ್ರ ವೈರಸ್ ಮೈಸೇರಿ ಗರಿಬುಡದಲ್ಲಿ ಬೆಳೆದು ದೂಳಿನಲ್ಲಿ ಹೊರಬೀಳುವುದನ್ನು ಪೂರ್ತಿ ತಡೆಯುವುದಿಲ್ಲ. 1970ರ ದಶಕ ಮುಗಿಯುವ ಹೊತ್ತಿಗೆ ಎಚ್‌ವಿಟಿ ಲಸಿಕೆಯನ್ನು ಮೀರಿ ಕೊಲ್ಲುವ ವೈರಸ್ ತಳಿಗಳು ಕಾಣಿಸಿಕೊಂಡವು. 1980ರ ದಶಕದಲ್ಲಿ ಎರಡು ವೈರಸ್‌ಗಳನ್ನು ಬೆರೆಸಿದ ಲಸಿಕೆ ಬಂತು. ಅದನ್ನೂ ಮೀರುವ ತಳಿಗಳು ಬಂದವು. 1990ರ ದಶಕದಲ್ಲಿ ಅಮೆರಿಕವೂ ರಿಸ್ಪೆನ್ಸ್ ಲಸಿಕೆಯ ಮೊರೆಹೋಯಿತು. ಉಗ್ರತೆಯ ಈ ಏರಿಕೆಯನ್ನು ದಾಖಲಿಸಿದ ವಿಜ್ಞಾನಿ ರಿಚರ್ಡ್ ವಿಟ್ಟರ್ 1997ರಲ್ಲಿ ವೈರಸ್ ತಳಿಗಳಿಗೆ ಉಗ್ರ, ಅತ್ಯುಗ್ರ, ಅದಕ್ಕೂ ಮೀರಿದ ಉಗ್ರ ಎಂಬ ದರ್ಜೆಗಳನ್ನು ಕೊಡಬೇಕಾಯಿತು.

ಲಸಿಕೆಗೂ ಉಗ್ರತೆಯ ಈ ಏರಿಕೆಗೂ ಇರುವ ನಂಟನ್ನು ನೇರ ಪ್ರಯೋಗದಿಂದ ಪರೀಕ್ಷಿಸಿದ್ದು ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಆಂಡ್ರ್ಯೂ ರೀಡ್ ಹಾಗೂ ಬ್ರಿಟನ್ನಿನ ಪಿರ್‌ಬ್ರೈಟ್ ಸಂಸ್ಥೆಯ ಭಾರತೀಯ ಮೂಲದ ವಿಜ್ಞಾನಿ ವೇಣುಗೋಪಾಲ್ ನಾಯರ್ ಮತ್ತು ಸಂಗಡಿಗರು. ಅವರ ಲೇಖನ 2015ರಲ್ಲಿ ಪ್ರಕಟವಾಯಿತು. ಅತ್ಯಂತ ಉಗ್ರ ತಳಿಯನ್ನು ಲಸಿಕೆಯಿಲ್ಲದ ಕೋಳಿಗಳಿಗೆ ಕೊಟ್ಟಾಗ ಅವು ಹತ್ತು ದಿನಗಳ ಆಸುಪಾಸಿನಲ್ಲೇ ಸತ್ತವು, ಅಷ್ಟರಲ್ಲಿ ಅವುಗಳ ಗರಿಗಳಿಂದ ವೈರಸ್ ಹೊರಬಿದ್ದದ್ದು ಅತ್ಯಲ್ಪ. ಅದೇ ತಳಿಯನ್ನು ಎಚ್‌ವಿಟಿ ಲಸಿಕೆ ಪಡೆದ ಕೋಳಿಗಳಿಗೆ ಕೊಟ್ಟಾಗ ಅವು ಬದುಕಿ ವಾರಗಟ್ಟಲೆ ವೈರಸ್ ಉದುರಿಸಿದವು, ಜೊತೆಯಲ್ಲಿಟ್ಟ ಲಸಿಕೆಯಿಲ್ಲದ ಕೋಳಿಗಳು ಆ ಸೋಂಕು ತಗುಲಿ ಸತ್ತವು. ಆಶ್ರಯ ಕೊಟ್ಟ ಕೋಳಿಯನ್ನು ಬೇಗನೆ ಕೊಲ್ಲುವ ವೈರಸ್ ತಾನೂ ಅದರೊಡನೆ ಮುಗಿದುಹೋಗುತ್ತದೆ. ಲಸಿಕೆಯು ಕೋಳಿಯನ್ನು ಬದುಕಿಸುವ ಮೂಲಕ ಅಂಥ ವೈರಸ್ಸಿಗೂ ಬಾಳುವ ಅವಕಾಶ ಮಾಡಿಕೊಡುತ್ತದೆ.

ಲಸಿಕೆಗಳೇ ರೋಗವನ್ನು ಉಗ್ರವಾಗಿಸುತ್ತವೆಂದು ಇದರಿಂದ ಹೇಳಹೊರಟವರೂ ಇದ್ದಾರೆ, ಪ್ರಯೋಗ ಅಷ್ಟು ದೂರ ಹೋಗುವುದಿಲ್ಲ. ಉಗ್ರ ತಳಿಗಳು ಬದುಕುಳಿಯಲು ಲಸಿಕೆ ಅನುವು ಮಾಡಿಕೊಡುತ್ತದೆಂಬುದನ್ನು ಅದು ತೋರಿಸಿತೇ ಹೊರತು, ಅವು ಹುಟ್ಟಿದ್ದೇ ಲಸಿಕೆಯಿಂದ ಎಂದು ತೋರಿಸಲಿಲ್ಲ. ಒಂದೇ ವಂಶದ ಸಾವಿರಾರು ಕೋಳಿಗಳನ್ನು ಒತ್ತೊತ್ತಾಗಿ ಸಾಕಿ, ಹಳೆಯ ಹಿಂಡು ಹೋದ ಬೆನ್ನಿಗೇ ಹೊಸದನ್ನು ತುಂಬುವ ಪದ್ಧತಿಯೂ ವೈರಸ್ಸಿಗೆ ಅಷ್ಟೇ ಅನುಕೂಲವಾಗಿತ್ತು, ಉಗ್ರತೆ ಏರತೊಡಗಿದ್ದೂ ಲಸಿಕೆ ಬರುವ ಮೊದಲೇ. 2023ರ ಕೊನೆಯಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಈ ವಾದಕ್ಕೆ ಬಲ ಕೊಡುತ್ತದೆ. ಉತ್ಖನನಗಳಲ್ಲಿ ಸಿಕ್ಕಿದ, ಸಾವಿರ ವರ್ಷಗಳವರೆಗೂ ಹಳೆಯದಾದ ಕೋಳಿ ಮೂಳೆಗಳಿಂದ ಮಾರೆಕ್ಸ್ ವೈರಸ್ಸಿನ ವಂಶವಾಹಿಗಳನ್ನು ಓದಿದ ವಿಜ್ಞಾನಿಗಳು, ಗಡ್ಡೆ ಬೆಳೆಸಲು ಮುಖ್ಯ ಕಾರಣವಾದ ಮೆಕ್ ಎಂಬ ವಂಶವಾಹಿಯ ಹಳೆಯ ರೂಪಗಳು ಇಂದಿನ ರೂಪದಂತೆ ಕೆಲಸ ಮಾಡಲಾರವೆಂದು ಕಂಡುಕೊಂಡರು. ಸಾಮಾನ್ಯ ಸೋಂಕಾಗಿ ಶತಮಾನಗಳ ಕಾಲ ಕೋಳಿಯೊಡನೆ ಬಾಳಿದ ವೈರಸ್, ಮೊಟ್ಟೆ ಮತ್ತು ಮಾಂಸದ ಉದ್ಯಮ ಬೆಳೆದ ಇತ್ತೀಚಿನ ಒಂದು ಶತಮಾನದಲ್ಲೇ ಬಹುಮಟ್ಟಿಗೆ ಕೊಲೆಗಡುಕನಾಯಿತು.

ಹಾಗಾದರೆ ಸಾಕಣೆದಾರ ಮಾಡಬಹುದಾದದ್ದೇನು? ಲಸಿಕೆಯ ರಕ್ಷಣೆ ಮೈಗೂಡಲು ಸುಮಾರು ಒಂದು ವಾರ ಬೇಕು, ಮರಿಯು ಕಾವುಕೊಡುವ ಮನೆಗೆ ಕಾಲಿಟ್ಟ ಗಳಿಗೆಯಿಂದಲೇ ಹಳೆಯ ದೂಳನ್ನು ಉಸಿರಾಡತೊಡಗುತ್ತದೆ; ಈ ಓಟದಲ್ಲಿ ಲಸಿಕೆ ಮುಂದಿರಬೇಕಾದರೆ ಆ ಮನೆ ತೊಳೆದು ಒಣಗಿ ಖಾಲಿ ಬಿದ್ದಿದ್ದಷ್ಟೂ ಒಳ್ಳೆಯದು, ದೊಡ್ಡ ಕೋಳಿಗಳ ಶೆಡ್ಡುಗಳಿಂದ ದೂರದಲ್ಲಿದ್ದು ಅವುಗಳ ಕಡೆಯಿಂದ ಗಾಳಿ ಬೀಸದಂತಿದ್ದರೆ ಇನ್ನೂ ಒಳ್ಳೆಯದು. ನಾಮಕ್ಕಲ್ ಆಗಲಿ ಹೊಸಪೇಟೆ, ದಾವಣಗೆರೆಯ ಕಡೆಯಾಗಲಿ, ಪಕ್ಕಗಳಲ್ಲಿ ಜಾಲರಿ ಮಾತ್ರ ಇರುವ ತೆರೆದ ಶೆಡ್ಡುಗಳೇ ಹೆಚ್ಚು, ಒಂದೇ ಫಾರಂನಲ್ಲಿ ಮರಿ, ಬೆಳೆಯುವ ಕೋಳಿ, ಮೊಟ್ಟೆ ಕೋಳಿ ಎಲ್ಲವೂ ಇರುವುದು ಸಾಮಾನ್ಯ; ಇಂಥಲ್ಲಿ ಮರಿಗಳ ಕೆಲಸ ಮುಗಿಸಿ ಆಮೇಲೆ ದೊಡ್ಡ ಕೋಳಿಗಳತ್ತ ಹೋಗುವ, ಎಂದೂ ಅದನ್ನು ತಿರುವುಮುರುವು ಮಾಡದ ಕೆಲಸಗಾರನೊಬ್ಬನಿಂದ ಆಗುವ ಉಪಕಾರ ದುಬಾರಿ ಔಷಧಗಳಿಂದಲೂ ಆಗದು. ತಳಿಯ ಆಯ್ಕೆಯಿಂದಲೂ ಒಂದಿಷ್ಟು ನೆರವಿದೆ: ರೋಗನಿರೋಧಕ ವಂಶವಾಹಿಗಳ ಒಂದು ಗುಂಪಿನ ಬಿ-21 ಎಂಬ ರೂಪ ಹೊಂದಿದ ಕೋಳಿಗಳು ಮಾರೆಕ್ಸ್ ರೋಗವನ್ನು ಉಳಿದವಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತವೆಂದು ತಿಳಿದುಬಂದ ಮೇಲೆ, ತಳಿ ಅಭಿವೃದ್ಧಿಯಲ್ಲಿ ಅದನ್ನು ರಕ್ತಪರೀಕ್ಷೆಯಿಂದ ಗುರುತಿಸಿ ಉಳಿಸಿಕೊಳ್ಳಲಾಗುತ್ತದೆ.

ಲಸಿಕೆ ಸಾವನ್ನು ತಡೆದರೂ ಸೋಂಕನ್ನು ತಡೆಯದ ಸ್ಥಿತಿ ಕೊಕ್ಕರೆ ರೋಗದಲ್ಲೂ ಸುಮಾರಾಗಿ ಇದೇ. ಲಸಿಕೆ ಪಡೆದ ಹಿಂಡಿಗೆ ಉಗ್ರ ವೈರಸ್ ಹೊಕ್ಕರೆ ಕೋಳಿಗಳು ಸಾಯದಿರಬಹುದು, ಆದರೆ ಮೊಟ್ಟೆಗಳ ಸಂಖ್ಯೆ ಥಟ್ಟನೆ ಇಳಿಯುತ್ತದೆ, ಚಿಪ್ಪು ತೆಳುವಾಗಿ ಬಣ್ಣಗೆಡುತ್ತದೆ, ವೈರಸ್ ಪಕ್ಕದ ಶೆಡ್ಡಿಗೆ ಸದ್ದಿಲ್ಲದೆ ದಾಟುತ್ತದೆ. ಹಕ್ಕಿ ಜ್ವರದ ಮಾತು ಬಂದಾಗ ಈ ಸದ್ದಿಲ್ಲದ ದಾಟುವಿಕೆಯೇ ಸರ್ಕಾರಗಳ ಆತಂಕಕ್ಕೆ ಕಾರಣ, ಏಕೆಂದರೆ ಎಚ್5ಎನ್1 ವೈರಸ್ ಮನುಷ್ಯರನ್ನೂ ಹಿಡಿಯಬಲ್ಲದು. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲು ಕಾಣಿಸಿಕೊಂಡು, 2012ರಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯನ್ನೂ ತಟ್ಟಿದ ಈ ರೋಗಕ್ಕೆ ಭಾರತ ಅನುಸರಿಸುತ್ತ ಬಂದಿರುವ ಕ್ರಮವೆಂದರೆ, ಭೋಪಾಲದ ಉನ್ನತ ಸುರಕ್ಷತಾ ಪ್ರಯೋಗಾಲಯ ಸೋಂಕನ್ನು ದೃಢಪಡಿಸಿದೊಡನೆ ಒಂದು ಕಿಲೋಮೀಟರ್ ವ್ಯಾಪ್ತಿಯ ಕೋಳಿಗಳನ್ನೆಲ್ಲ ಕೊಂದು ಹೂಳುವುದು, ಹತ್ತು ಕಿಲೋಮೀಟರ್‌ವರೆಗೆ ಕಣ್ಗಾವಲಿಡುವುದು. ಫ್ರಾನ್ಸ್ 2023ರ ಅಕ್ಟೋಬರಿನಿಂದ ಬಾತುಕೋಳಿಗಳಿಗೆ ಲಸಿಕೆ ಆರಂಭಿಸಿತು, ಜೊತೆಗೆ ಲಸಿಕೆ ಪಡೆದ ಹಿಂಡುಗಳಲ್ಲಿ ವೈರಸ್ ಅವಿತಿದೆಯೇ ಎಂದು ನಿಯಮಿತವಾಗಿ ತಪಾಸಣೆಯನ್ನೂ ನಡೆಸುತ್ತಿದೆ. ನೆದರ್‌ಲ್ಯಾಂಡ್ಸಿನ ವಾಗೆನಿಂಗೆನ್ ಸಂಸ್ಥೆಯ ವಿಜ್ಞಾನಿಗಳು ಮೊಟ್ಟೆ ಕೋಳಿಗಳ ಮೇಲೆ ಪರೀಕ್ಷಿಸಿದ ಲಸಿಕೆಗಳಲ್ಲೊಂದು 1970ರ ಆ ಹಳೆಯ ಎಚ್‌ವಿಟಿ ವೈರಸ್ಸಿಗೇ ಹಕ್ಕಿ ಜ್ವರದ ಒಂದು ವಂಶವಾಹಿಯನ್ನು ಜೋಡಿಸಿದ್ದು. ಅಲ್ಲಿ ಅಳೆಯುವುದು ಎಷ್ಟು ಕೋಳಿಗಳು ಬದುಕಿದವೆಂಬುದನ್ನಷ್ಟೇ ಅಲ್ಲ, ಲಸಿಕೆ ಪಡೆದೂ ಸೋಂಕು ತಗುಲಿದ ಒಂದು ಕೋಳಿ ತನ್ನ ಜೊತೆಯ ಎಷ್ಟು ಕೋಳಿಗಳಿಗೆ ಅದನ್ನು ದಾಟಿಸಿತೆಂಬುದನ್ನೂ. ಆ ಸರಾಸರಿ ಒಂದಕ್ಕಿಂತ ಕೆಳಗಿಳಿದರೆ ಮಾತ್ರ ಸೋಂಕು ತಾನಾಗಿ ನಂದುತ್ತದೆ.

ಮಾರೆಕ್ಸ್ ವಿಷಯದಲ್ಲಿ ಇಂಥ ಅಳತೆ ಈಗ ಶೆಡ್ಡಿನ ಬಾಗಿಲಿಗೇ ಬಂದಿದೆ. ಆಸ್ಟ್ರೇಲಿಯಾದ ನ್ಯೂ ಇಂಗ್ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು ಶೆಡ್ಡಿನಲ್ಲಿ ತಟ್ಟೆ ತೂಗುಹಾಕಿ ಅದರ ಮೇಲೆ ಕೂರುವ ದೂಳನ್ನು ಸಂಗ್ರಹಿಸಿ, ಒಂದೊಂದು ಕೋಳಿಯನ್ನೂ ಹಿಡಿಯುವ ಗೋಜಿಲ್ಲದೆ ಇಡೀ ಹಿಂಡಿನ ವೈರಸ್ ಪ್ರಮಾಣವನ್ನು ಪಿಸಿಆರ್ ಪರೀಕ್ಷೆಯಿಂದ ಕಂಡುಕೊಳ್ಳುವ ವಿಧಾನವನ್ನು ಬೆಳೆಸಿದ್ದಾರೆ. ರಿಸ್ಪೆನ್ಸ್ ಲಸಿಕೆಯೂ ಮಾರೆಕ್ಸ್ ವೈರಸ್ಸೇ ಆಗಿರುವುದರಿಂದ ದೂಳಿನಲ್ಲಿ ಕಂಡದ್ದು ಲಸಿಕೆಯದೋ ಹೊರಗಿನ ಉಗ್ರ ವೈರಸ್ಸಿನದೋ ಎಂಬ ಗೊಂದಲವಿತ್ತು. ಎರಡರ ವಂಶವಾಹಿಯಲ್ಲಿರುವ ಒಂದೇ ಒಂದು ಅಕ್ಷರದಷ್ಟು ವ್ಯತ್ಯಾಸವನ್ನು ಹಿಡಿಯುವ ಪರೀಕ್ಷೆಗಳು ಆಸ್ಟ್ರೇಲಿಯಾ ಮತ್ತು ಪಿರ್‌ಬ್ರೈಟ್‌ನಲ್ಲಿ ಸಿದ್ಧವಾದ ಮೇಲೆ ಅದೂ ಬಗೆಹರಿದಿದೆ. ಎರಡು ಮೂರು ವಾರದ ಮರಿಗಳ ಕೆಲವು ಎಳೆಗರಿಗಳ ಬುಡವನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ಹ್ಯಾಚರಿಯಲ್ಲಿ ಹಾಕಿದ ಲಸಿಕೆ ಹಿಡಿದಿದೆಯೋ ಇಲ್ಲವೋ ತಿಳಿಯುತ್ತದೆ. ಇಪ್ಪತ್ತನೇ ವಾರದಲ್ಲಿ ಕೋಳಿ ಕಾಲು ಬಿಟ್ಟ ಮೇಲೆ ತಿಳಿಯುತ್ತಿದ್ದುದು ಮೇವಿನ ದೊಡ್ಡ ಖರ್ಚು ಇನ್ನೂ ಮುಂದಿರುವಾಗಲೇ ತಿಳಿಯುತ್ತದೆ, ಮರಿ ಮಾರಿದ ಹ್ಯಾಚರಿಯೊಡನೆ ಮಾತಾಡಲು ಸಾಕಣೆದಾರನ ಕೈಯಲ್ಲಿ ಒಂದು ಪುರಾವೆಯೂ ಇರುತ್ತದೆ.